ಟಿಕೋಟಾದ ಶುಭಂ

ಗಾಂಧಿ ಚೌಕದ ಹಿಂದಿನ ಗಲ್ಲಿಯಲ್ಲಿರುವ ಸಂಗನಬಸವನ ಮೋಟಾರು ವೈಂಡಿಂಗ್ ಅಂಗಡಿಗೆ ಸುಟ್ಟ ಪಂಪ್‌ಸೆಟ್ ಹೊತ್ತು ಬಂದವರಿಗೆ ಬೇಗ ಬಿಡುಗಡೆಯಿಲ್ಲ. ಕೆಲಸವೇನೋ ಬೇಗ ಆಗುತ್ತದೆ, ನಲವತ್ತು ವರ್ಷ ತಾಮ್ರದ ತಂತಿ ಸುತ್ತಿ ಪಳಗಿದ ಕೈ. ಮುಗಿಯದೆ ಉಳಿಯುವುದು ಸಿನೆಮಾದ ಕತೆ. ಕಪ್ಪು-ಬಿಳುಪು ಕಾಲದ ಚಿತ್ರವೊಂದನ್ನು ಎತ್ತಿಕೊಂಡನೆಂದರೆ ಮಳೆ, ಗುಡುಗು, ನಾಯಕನ ಬೂಟಿನ ಸಪ್ಪಳ, ಅತ್ತೆಯ ಬೈಗುಳ ಎಲ್ಲವೂ ಅವನ ಬಾಯಿಯಿಂದಲೇ ಹೊರಡಬೇಕು. ಇಂಟರ್ವಲ್ ಎಂದು ಘೋಷಿಸಿ ಎಲ್ಲರಿಗೂ ಚಹಾ ತರಿಸುತ್ತಾನೆ. ಸಾರವಾಡದ ಹಣಮಂತನಂತೂ ಒಮ್ಮೆ ರಿಪೇರಿಯಾದ ಮೋಟಾರನ್ನು ಟ್ರ್ಯಾಕ್ಟರಿಗೆ ಏರಿಸಿದ ಮೇಲೂ ಕ್ಲೈಮ್ಯಾಕ್ಸಿಗಾಗಿ ಕಾದು ಕೂತು, ಹೊಲಕ್ಕೆ ನೀರು ಬಿಡುವ ಹೊತ್ತು ತಪ್ಪಿಸಿಕೊಂಡು ಮನೆಯಲ್ಲಿ ಬೈಸಿಕೊಂಡಿದ್ದ.

ಇಂಥ ಕತೆಗಳಲ್ಲೆಲ್ಲ ಪಟ್ಟದ ಕತೆ ‘ಕಂಚಿನ ಕದ’. ಅಣ್ಣ ತಂಗಿಯ ಮೇಲೆ ಮುನಿದು, ಕಂಚಿನ ಗುಬ್ಬಿಮೊಳೆ ಬಡಿದ ದೊಡ್ಡ ಬಾಗಿಲನ್ನು ಅವಳ ಮುಖದ ಮೇಲೇ ಮುಚ್ಚುತ್ತಾನೆ. ಹನ್ನೆರಡು ವರ್ಷ ಅದು ಅವಳಿಗೆ ತೆರೆಯುವುದಿಲ್ಲ. ಕೊನೆಗೆ ಅಣ್ಣನ ಮಗಳ ಮದುವೆಯ ದಿನ ಅಣ್ಣನೇ ಬಂದು ಕದ ತೆರೆದು, ಹೊರಗೆ ಬಿಸಿಲಲ್ಲಿ ನಿಂತ ತಂಗಿಯ ಕೈ ಹಿಡಿದು ಒಳಗೆ ಕರೆದುಕೊಳ್ಳುತ್ತಾನೆ. ಸಂಗನಬಸವ ಅದನ್ನು ಟಿಕೋಟಾದ ತಗಡಿನ ಟಾಕೀಸಿನಲ್ಲಿ ಹದಿನಾರರ ವಯಸ್ಸಿನಲ್ಲಿ, ಪಂಚಮಿ ಹಬ್ಬಕ್ಕೆ ತವರಿಗೆ ಬಂದ ಅಕ್ಕ ಕಾಳವ್ವನ ಜೊತೆ ಕೂತು ನೋಡಿದ್ದ. ಅಪ್ಪನಿಗೂ ಅಕ್ಕನ ಗಂಡನ ಮನೆಯವರಿಗೂ ಮಾತು ಬಿಟ್ಟುಹೋಗಿ ಕಾಳವ್ವ ಅದಕ್ಕೆ ಮೊದಲು ಮೂರು ವರ್ಷ ತವರಿನ ಮೆಟ್ಟಿಲು ಹತ್ತಿರಲಿಲ್ಲ. ಆ ಕದ ತೆರೆದಾಗ ಅವಳು ತಮ್ಮನ ಮುಂಗೈ ಹಿಡಿದದ್ದು ಅವನಿಗೆ ಇವತ್ತಿಗೂ ನೆನಪಿದೆ. ಆಮೇಲೆ ಪರದೆಯ ಮೇಲೆ ಕೈಬರಹದಲ್ಲಿ ‘ಶುಭಂ’ ಬಂತು, ಪಕ್ಕದಲ್ಲೊಂದು ಹೂವು. ಹೂವಿಗೆ ನಾಲ್ಕು ಎಸಳು ಪೂರ್ತಿ, ಐದನೆಯದು ಅರ್ಧ.

“ಅದು ಡೈರೆಕ್ಟರನ ಸ್ವಂತ ಕೈಬರಹ,” ಎಂದು ಸಂಗನಬಸವ ಐವತ್ತು ವರ್ಷದಿಂದ ಹೇಳುತ್ತ ಬಂದಿದ್ದಾನೆ. “ಅರ್ಧಾ ಎಸಳು ಯಾಕ ಗೊತ್ತೈತೇನು? ಸುಖಾ ಅನ್ನೂದು ಯಾವತ್ತೂ ಪೂರ್ತಿ ಇರಂಗಿಲ್ಲ ಅಂತ ಅರ್ಥ.”

ಕೇಳಿದವರೆಲ್ಲ ತಲೆದೂಗುತ್ತಾರೆ. ತಲೆದೂಗದವಳು ಒಬ್ಬಳೇ, ಅವನ ಹೆಂಡತಿ ವಿಜಯಲಕ್ಷ್ಮೀ. ಸಾರವಾಡದ ಮಗಳಾದ ಅವಳು ಅದೇ ಚಿತ್ರವನ್ನು ಅದೇ ವರ್ಷದ ಬೇಸಿಗೆಯಲ್ಲಿ, ಬಬಲೇಶ್ವರದ ಟೆಂಟಿನಲ್ಲಿ ತಾಯಿಯ ತೊಡೆಯ ಮೇಲೆ ಒರಗಿ ನೋಡಿದ್ದಳು. ಮದುವೆಯಾದ ಹೊಸತರಲ್ಲಿ ಗಂಡ ಬಹಳ ಪ್ರೀತಿಯಿಂದ ಈ ಕತೆ ಹೇಳಿ ಮುಗಿಸಿದಾಗ ಅವಳು, “ಆಮ್ಯಾಲ ಅಣ್ಣ ಸಾಯ್ತಾನಲ್ರಿ,” ಎಂದಿದ್ದಳು. ಅಲ್ಲಿಂದ ಶುರುವಾದ ಜಗಳಕ್ಕೆ ಈಗ ನಲವತ್ತೊಂದು ವರ್ಷ. ಮಕ್ಕಳು ಹುಟ್ಟಿ, ಓದಿ, ತಮ್ಮ ತಮ್ಮ ಸಂಸಾರ ಹೂಡಿದರೂ ಆ ಅಣ್ಣ ಮಾತ್ರ ಈ ಮನೆಯಲ್ಲಿ ಸಾಯಲೂ ಇಲ್ಲ, ಬದುಕಲೂ ಇಲ್ಲ. ನೋಡಿ ತೀರ್ಮಾನಿಸೋಣವೆಂದರೆ ಚಿತ್ರದ ಪ್ರಿಂಟೇ ಎಲ್ಲೂ ಉಳಿದಿಲ್ಲವೆಂದು ತಿಳಿದವರು ಹೇಳುತ್ತಿದ್ದರು.

ಹಾಗಿರುವಾಗ ಈ ಸಲ ಪಂಚಮಿಗೆ ಹದಿನೈದು ದಿನವಿದೆ ಎನ್ನುವಾಗ ಕಾಲೇಜಿನಲ್ಲಿ ಪಾಠ ಹೇಳುವ ದೀಪಾಲಿ ಅಂಗಡಿಗೆ ಬಂದಳು. ಊರಿನ ಸಿನೆಮಾ ಬಳಗ ನಡೆಸುವವಳು ಅವಳೇ. ಯಾವುದೋ ಗೋದಾಮಿನಲ್ಲಿ ‘ಕಂಚಿನ ಕದ’ದ ಪೂರ್ತಿ ಪ್ರಿಂಟು ಸಿಕ್ಕಿದೆ, ಅದನ್ನು ತಿಕ್ಕಿ ತೊಳೆದು ಹೊಸದು ಮಾಡಿದ್ದಾರೆ, ಮುಂದಿನ ಭಾನುವಾರ ಸಂಜೆ ನಾಲ್ಕಕ್ಕೆ ತೋರಿಸುತ್ತೇವೆ, ನೀವು ಮೊದಲು ಐದು ನಿಮಿಷ ಮಾತಾಡಬೇಕು ಎಂದಳು. ಸಂಗನಬಸವನ ಕೈಯಲ್ಲಿದ್ದ ತಂತಿಯ ಸುರುಳಿ ನೆಲಕ್ಕೆ ಬಿದ್ದು ಉರುಳಿತು. ಬುತ್ತಿ ತಂದಿದ್ದ ವಿಜಯಲಕ್ಷ್ಮೀ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಚಲೋ ಆತು ಬಿಡ್ರಿ. ಊರ ಮಂದಿ ಮುಂದ ಒಮ್ಮಿಗೇ ತೀರಿಹೋಗ್ಲಿ. ಸೋತ್ರ ಏನ್ ಮಾಡ್ತೀರಿ?”

“ನಾ ಸೋತ್ರ,” ಎಂದ ಸಂಗನಬಸವ ಅಂಗಡಿಯಲ್ಲಿದ್ದ ಗಿರಾಕಿಗಳನ್ನೆಲ್ಲ ಸಾಕ್ಷಿಗೆ ನೋಡುತ್ತ, “ಅವತ್ತಿಂದ ಸಿನೆಮಾದ ಕತಿ ನನ್ನ ಬಾಯಾಗ ಬರಂಗಿಲ್ಲ. ಮಾತ ಅಂದ್ರ ಮಾತ!”

ಹಣಮಂತ ಅಲ್ಲೇ ಇದ್ದ. “ಮಾಮಾ, ಹಂಗನಬ್ಯಾಡ್ರಿ,” ಎಂದು ಅವನೇ ಹೆದರಿಕೊಂಡ.

ಗೆಲ್ಲುವ ಭರವಸೆ ಸಂಗನಬಸವನಿಗೆ ಎಷ್ಟಿತ್ತೆಂದರೆ, ಚಿತ್ರವನ್ನು ಆ ಕಾಲದಲ್ಲಿ ಓಡಿಸಿದ ಆಪರೇಟರ್ ಅಬ್ದುಲಸಮದನನ್ನೇ ಅತಿಥಿಯಾಗಿ ಕರೆತಂದು ಹೆಂಡತಿಯ ಪಕ್ಕದಲ್ಲಿ ಕೂರಿಸಬೇಕೆಂದು ಗುರುವಾರ ಟಿಕೋಟಾದ ಬಸ್ಸು ಹತ್ತಿದ. ಅಬ್ದುಲಸಮದನಿಗೆ ಎಂಬತ್ತೈದು ದಾಟಿತ್ತು. ಮಗನ ದ್ರಾಕ್ಷಿ ಒಣಗಿಸುವ ಶೆಡ್ಡಿನ ನೆರಳಲ್ಲಿ ಹೊರಸಿನ ಮೇಲೆ ಕೂತಿದ್ದ. ಕುಶಲ ಕೇಳಿ, ಚಹಾ ಕುಡಿದು, ಸಂಗನಬಸವ ಹೆಂಡತಿಯ ಹಟವನ್ನು ನಗುನಗುತ್ತ ಹೇಳಿದ.

“ನೀವ ಹೇಳ್ರಿ ಚಾಚಾ. ಆ ಅಣ್ಣ ಸಾಯ್ತಾನೇನು?”

ಮುದುಕ ಚಹಾದ ಬಶಿ ಕೆಳಗಿಟ್ಟ. “ಬಬಲೇಶ್ವರದಾಗ ಸಾಯ್ತಾನಪಾ,” ಎಂದ. “ಟಿಕೋಟಾದಾಗ ಸಾಯಂಗಿಲ್ಲ.”

“ಹಂಗಂದ್ರ?”

“ಎರಡೂ ಟಾಕೀಸು ಒಬ್ಬನ ಮಾಲೀಕನವು, ಆಪರೇಟರ್ ನಾ ಒಬ್ಬನ. ಬಬಲೇಶ್ವರದಾಗ ಬ್ಯಾಸಗಿ ದಿನಾ, ಪೂರ್ತಿ ಹಾಕಿದ್ನಿ. ಇಲ್ಲಿ ತಂದಾಗ ಪಂಚಮಿ. ತವರಿಗಿ ಬಂದ ಹೆಣ್ಣುಮಕ್ಕಳ ಟಾಕೀಸ್ ತುಂಬ ಕುಂತಾರ. ಮೊದಲ್ನೇ ಆಟದಾಗ ಅಣ್ಣ ಸತ್ತಕೂಡ್ಲೆ ಎಂಥಾ ಅಳು ಅಂತೀ! ಒಬ್ಬಾಕಿ ಮುದುಕಿ, ಸಕ್ರವ್ವ ಅಂತ, ನನ್ನ ಖೋಲಿಗೇ ಬಂದು ಕಪಾಳಕ್ಕ ಒಂದು ಕೊಟ್ಟಳು. ‘ಲೇ ಸಮದ್ಯಾ, ಅಣ್ಣತಮ್ಮರ ಹೆಸರಿಲೆ ಹಾಲ ಎರಿಯೋ ಹಬ್ಬದಾಗ ಅಣ್ಣನ ಹೆಣಾ ತೋರಸ್ತೀಯೇನೋ?’ ಅಂದಳು. ಆಕಿ ಮಾತು ಖರೇನ ಇತ್ತು. ಎರಡ್ನೇ ಆಟದಿಂದ ಕಡೀ ರೀಲು ಡಬ್ಬ್ಯಾಗ ಉಳೀತು.”

“ಮತ್ತ ಶುಭಂ?” ಎಂದ ಸಂಗನಬಸವ. “ಕೈಬರಹದ ಶುಭಂ ಇತ್ತಲ್ಲ ಚಾಚಾ, ಹೂವಿಂದು?”

“ಒಮ್ಮಿಗೇ ಲೈಟ್ ಹಾಕಿದ್ರ ಮಂದಿ ಬಿಡ್ತಾರೇನು? ಅದಕ್ಕ ಸ್ಲೈಡಿನ ಕಾಜಿನ ಮ್ಯಾಲ ಮಸಿ ಹಿಡಿಸಿ, ಕಡ್ಡೀಲೆ ನಾನ ಬರದ್ನಿ.”

“ಆ ಅರ್ಧಾ ಎಸಳು?”

“ಜಾಗಾ ಸಾಲಲಿಲ್ಲ,” ಎಂದ ಅಬ್ದುಲಸಮದ. ಮೊಣಕಾಲಿನ ನೋವಿನಿಂದ ತಾನು ಭಾನುವಾರ ಬರಲಾರೆನೆಂದೂ ಹೇಳಿ, ಒಂದು ಚೀಲ ಒಣದ್ರಾಕ್ಷಿ ಕೊಟ್ಟು ಕಳಿಸಿದ.

ವಾಪಸು ಬಸ್ಸಿನಲ್ಲಿ ಸಂಗನಬಸವ ದ್ರಾಕ್ಷಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಬೆಪ್ಪನಂತೆ ಕೂತಿದ್ದ. ಐವತ್ತು ವರ್ಷ ಜಗತ್ತಿಗೆಲ್ಲ ಸಾರಿದ ಡೈರೆಕ್ಟರನ ಕೈಬರಹ ಸಮದ್ ಚಾಚಾನ ಕಡ್ಡಿಯದು! ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಸಂಕಟವಾಯಿತು. ಆ ದಿನ ಟಾಕೀಸಿನಿಂದ ಮನೆಗೆ ಬರುವಾಗ ಕಾಳವ್ವ ದಾರಿಯುದ್ದಕ್ಕೂ ನಗುತ್ತ ಬಂದಿದ್ದಳು, ಮರುದಿನ ಜೋಕಾಲಿ ಆಡುವಾಗ ಅಪ್ಪನೇ ಬಂದು ಹಗ್ಗ ತೂಗಿದ್ದ. ಆ ನಗು ಅರ್ಧ ಕತೆಯ ಮೇಲೆ ನಿಂತಿತ್ತೇ? ಮೇಲಾಗಿ ಭಾನುವಾರದಿಂದ ಬಾಯಿಗೆ ಬೀಗ. ಕತೆ ಹೇಳದೆ ಬರೀ ತಂತಿ ಸುತ್ತುತ್ತ ಕೂರುವ ಅಂಗಡಿಯನ್ನು ಅವನಿಗೆ ನೆನೆಸಿಕೊಳ್ಳಲೂ ಆಗಲಿಲ್ಲ.

ಮನೆಯಲ್ಲಿ ಅವನು ಈ ಸುದ್ದಿ ಬಾಯಿಬಿಡಲಿಲ್ಲ. ಶುಕ್ರವಾರ, ಶನಿವಾರ ಸಿನೆಮಾದ ಮಾತೇ ಎತ್ತಲಿಲ್ಲ. ರೊಟ್ಟಿ ಬಡಿಯುತ್ತ ವಿಜಯಲಕ್ಷ್ಮೀ ಎರಡು ಮೂರು ಸಲ ತಿರುಗಿ ತಿರುಗಿ ನೋಡಿ, “ಮೈಯಾಗ ಆರಾಮ ಐತಿಲ್ರಿ?” ಎಂದು ಕೇಳಿದಳು. ಅವನು ಹೂಂ ಎಂದ.

ಭಾನುವಾರ ಸಭಾಂಗಣದಲ್ಲಿ ನೂರೈವತ್ತು ಜನ ಸೇರಿದ್ದರು. ಮಾತಾಡಲು ಎದ್ದ ಸಂಗನಬಸವ, “ಭಾಳ ಚಲೋ ಚಿತ್ರ ಐತ್ರಿ, ಎಲ್ಲಾರೂ ಕಡೀತನಕ ನೋಡ್ರಿ,” ಎಂದಷ್ಟೇ ಹೇಳಿ ಕೂತುಬಿಟ್ಟ. ಐದು ನಿಮಿಷಕ್ಕೆ ಅರ್ಧ ತಾಸು ತೆಗೆದುಕೊಳ್ಳುತ್ತಾನೆಂದು ಗಡಿಯಾರ ಹಿಡಿದು ನಿಂತಿದ್ದ ದೀಪಾಲಿ ತಬ್ಬಿಬ್ಬಾದಳು. ದೀಪ ಆರಿತು. ಚಿತ್ರ ಶುರುವಾದ ಮೇಲೆ ಅವನು ಎಲ್ಲವನ್ನೂ ಮರೆತ. ಅಣ್ಣನ ಗತ್ತು, ಬಾವಿಕಟ್ಟೆಯ ಹಾಡು, ಕದ ಮುಚ್ಚಿದಾಗಿನ ಆ ಸದ್ದು! ಒಂದೊಂದು ಮಾತನ್ನೂ ನಟರಿಗಿಂತ ಅರೆಗಳಿಗೆ ಮೊದಲು ಅವನ ತುಟಿ ಆಡುತ್ತಿತ್ತು. ತಗಡಿನ ಟಾಕೀಸಿನಲ್ಲಿ ಮಬ್ಬಾಗಿ ಕಂಡಿದ್ದ ಮುಖಗಳು ಈಗ ಕಣ್ಣೀರಿನ ಹನಿಯ ಸಮೇತ ಸ್ಪಷ್ಟವಾಗಿ ಕಾಣುತ್ತಿದ್ದವು.

ಮದುವೆಯ ದೃಶ್ಯ ಬಂತು. ಶಹನಾಯಿ. ಅಣ್ಣ ಅಂಗಳ ದಾಟಿ ಬಂದು ಕಂಚಿನ ಕದ ತೆರೆದ. ತಂಗಿ ಒಳಗೆ ಕಾಲಿಟ್ಟಳು. ಸಂಗನಬಸವ ಕುರ್ಚಿಯ ಹಿಡಿಕೆಯನ್ನು ಬಿಗಿಯಾಗಿ ಹಿಡಿದುಕೊಂಡ. ಅಷ್ಟರಲ್ಲಿ ಪಕ್ಕದಿಂದ ಅವನ ತೋಳು ಜಗ್ಗಿದಂತಾಯಿತು.

“ಏಳ್ರಿ,” ವಿಜಯಲಕ್ಷ್ಮೀ ಚೀಲ ಹೆಗಲಿಗೇರಿಸಿಕೊಂಡು ಎದ್ದೇ ನಿಂತಿದ್ದಳು. “ಮದಿವಿ ಆತಲ್ಲ, ಸಿನೆಮಾ ಮುಗೀತು. ಮನಿಗಿ ಹೋಗೂಣು.”

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ನಲವತ್ತೊಂದು ವರ್ಷ ಕಾದವಳು ಗೆಲ್ಲಲು ಇನ್ನು ಹನ್ನೊಂದು ನಿಮಿಷವಿರುವಾಗ ಗಂಡನ ಬಾಡಿದ ಮುಖ ನೋಡಿ ಆಟ ಬಿಟ್ಟು ಏಳುತ್ತಿದ್ದಾಳೆ.

“ಕುಂದ್ರು, ವಿಜಿ,” ಎಂದ. “ಇನ್ನಾ ಒಂದು ರೀಲು ಐತಿ.”

ಅವಳು ಹಾಗೇ ನಿಂತು ನೋಡಿದಳು. ಹಿಂದಿನವರು ಕೂಡ್ರಿ ಕೂಡ್ರಿ ಎಂದು ಗದರಿದ ಮೇಲೆ ಮೆಲ್ಲಗೆ ಕೂತಳು.

ಆ ರೀಲು ಸಂಗನಬಸವ ಎಂದೂ ಕಾಣದ ರೀಲು. ಮದುವೆಯ ಗದ್ದಲ ಇಳಿದ ಮೇಲೆ ಅಣ್ಣ ಕಟ್ಟೆಗೆ ಒರಗಿ, ಮನೆ ತುಂಬಾ ಓಡಾಡುವ ತಂಗಿಯನ್ನು ನೋಡುತ್ತ ನೋಡುತ್ತ ಹಾಗೇ ಕಣ್ಣು ಮುಚ್ಚುತ್ತಾನೆ. ದಿನಕರ್ಮ ಮುಗಿದು ತಂಗಿ ಹೊರಡುವ ಮುಂಜಾನೆ, ಯಾರನ್ನೂ ಕರೆಯದೆ, ತನ್ನನ್ನು ಹನ್ನೆರಡು ವರ್ಷ ಹೊರಗೆ ನಿಲ್ಲಿಸಿದ್ದ ಆ ಎರಡು ಕದಗಳನ್ನು ತಾನೇ ಎಳೆದು ಮುಚ್ಚುತ್ತಾಳೆ. ಅವಳ ಮುಖದ ಮೇಲಿನ ಬೆಳಕು ಕಿರಿದಾಗುತ್ತ ಒಂದು ಗೆರೆಯಾಗಿ, ಕೊನೆಗೆ ಕದದ ಮೇಲಿನ ಕಂಚಿನ ಗುಬ್ಬಿಯೊಂದೇ ಹೊಳೆಯುತ್ತದೆ.

ಸಂಗನಬಸವ ಅತ್ತ. ಅಳುತ್ತಲೇ ಅವನಿಗೆ ಖುಷಿ ತಡೆಯಲಾಗಲಿಲ್ಲ. ಅರವತ್ತಾರನೆಯ ವಯಸ್ಸಿನಲ್ಲಿ ಜೀವದಷ್ಟು ಪ್ರೀತಿಸಿದ ಚಿತ್ರದ ಹನ್ನೊಂದು ನಿಮಿಷ ಹೊಚ್ಚ ಹೊಸದಾಗಿ ನೋಡುವ ಭಾಗ್ಯ ಯಾರಿಗುಂಟು! “ಆ ಬೆಳಕ ನೋಡಿದೇನ? ಕ್ಯಾಮೆರಾದಂವ ಎಂಥಾ...” ಎಂದು ಹೆಂಡತಿಯ ಕಡೆ ಬಾಗಿದವನು ಪಂಥ ನೆನಪಾಗಿ ಬಾಯಿ ಮುಚ್ಚಿಕೊಂಡ. ಗೋಳಗುಮ್ಮಟದ ಕಡೆಯ ಅವರ ಮನೆಗೆ ಆಟೋದಲ್ಲಿ ಹೋಗುವಾಗ ಅಬ್ದುಲಸಮದ ಹೇಳಿದ್ದನ್ನೆಲ್ಲ ಒಪ್ಪಿಸಿದ, ಅರ್ಧ ಎಸಳನ್ನೂ ಮುಚ್ಚಿಡಲಿಲ್ಲ. ಅವಳು ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ಚಿತ್ರದ ಬಗ್ಗೆ ಮಾತ್ರ ಅವನು ಒಂದು ಸೊಲ್ಲೂ ಎತ್ತಲಿಲ್ಲ.

ಮರುದಿನ ಮಧ್ಯಾಹ್ನ ವಿಜಯಲಕ್ಷ್ಮೀ ಬುತ್ತಿ ತಂದಾಗ ಅಂಗಡಿ ಭಣಗುಟ್ಟುತ್ತಿತ್ತು. ಮೂರು ಗಿರಾಕಿಗಳು ಮೊಬೈಲು ನೋಡುತ್ತ ಕೂತಿದ್ದರು. ಸಂಗನಬಸವ ತಲೆ ತಗ್ಗಿಸಿ ತಂತಿ ಸುತ್ತುತ್ತಿದ್ದ. ಹಣಮಂತ ಮೋಟಾರಿನ ಪಕ್ಕ ಚಡಪಡಿಸುತ್ತಿದ್ದ.

“ನೋಡಕ್ಕಾ, ನಾಳಿ ಪಂಚಮಿಗಿ ಅಕ್ಕನ್ನ ಕರಿಯಾಕ ಜಮಖಂಡಿಗಿ ಹೊಂಟೇನಿ, ಇವತ್ತ ಮೋಟಾರ ಒಯ್ಯಬೇಕು. ಕುಂತು ಕುಂತು ಬ್ಯಾಸರಾತು. ಮಾಮಾ ಒಂದು ಕತಿ ಹೇಳಂದ್ರ ಒಲ್ಲೆ ಅಂತಾರ.”

ವಿಜಯಲಕ್ಷ್ಮೀ ಬುತ್ತಿಯಿಟ್ಟು, ಸ್ಟೂಲು ಎಳೆದುಕೊಂಡು ಎಲ್ಲರ ನಡುವೆ ಕೂತಳು.

“ಹೇಳ್ರಿ,” ಎಂದಳು. “ಕಂಚಿನ ಕದ.”

“ಮಾತ ಕೊಟ್ಟೇನಿ.”

“ಮಾತ ನನಗ ಕೊಟ್ಟೀರಿ, ನಾ ಬಿಟ್ಟೇನಿ. ಮೂರ ದಿನಾ ನಿಮ್ಮ ಬಾಯಿ ಮುಚ್ಚಿದ್ದು ನೋಡಿ ಸಾಕಾಗೇತಿ ನನಗ. ಹೇಳ್ರಿ ಈಗ.”

ಸಂಗನಬಸವ ಎರಡು ಸಲ ಕೆಮ್ಮಿದ. ಮೊದಲ ಎರಡು ಮಾತು ತಡವರಿಸಿದವು, ಮೂರನೆಯದರಿಂದ ಗಾಡಿ ಹಳಿಗೆ ಬಿತ್ತು. ಮೊಬೈಲುಗಳು ಜೇಬು ಸೇರಿದವು. ಇಂಟರ್ವಲ್ಲಿಗೆ ಚಹಾ ಬಂತು. ಶಹನಾಯಿಯನ್ನು ಅವನು ಮೂಗಿನಲ್ಲೇ ನುಡಿಸಿದ, ಕದ ಕಿರ್ರೆಂದು ತೆರೆಯಿತು, ತಂಗಿ ಒಳಗೆ ಬಂದಳು. ಅಲ್ಲಿಗೆ ಅವನ ದನಿ ನಿಧಾನವಾಯಿತು. ಈಗ ಅವನಿಗೆ ಮುಂದಿನದೂ ಗೊತ್ತಿತ್ತು. ಹಣಮಂತ ಬಾಯಿ ತೆರೆದುಕೊಂಡು ಕೂತಿದ್ದ.

“ಮುಂದ, ಮಾಮಾ?”

ಸಂಗನಬಸವ ಹೆಂಡತಿಯ ಕಡೆ ನೋಡಿದ. ವಿಜಯಲಕ್ಷ್ಮೀ ಎದ್ದು ಖಾಲಿ ಚಹಾ ಲೋಟಗಳನ್ನು ಒಂದೊಂದಾಗಿ ಕೂಡಿಸುತ್ತಿದ್ದಳು.

“ಮುಂದೇನಿಲ್ಲ ತಮ್ಮಾ,” ಎಂದಳು ಅವಳು. “ಅಲ್ಲಿಗಿ ಶುಭಂ. ನೀ ಹೋಗಿ ಅಕ್ಕನ್ನ ಕರಕೊಂಡ ಬಾ.”