ಒಂಟಿ ಹೆಣಿಗೆ ಕಡ್ಡಿ

ಬೈತಲೆ ಮತ್ತೆ ಸೊಟ್ಟಗಾಯಿತು. ಮಗಳು ಬಾಚಣಿಗೆ ಎತ್ತಿ, ಅಮ್ಮನ ನರೆಗೂದಲನ್ನು ಅಂಗೈಯಿಂದ ಸವರಿ ಮೊದಲಿನಿಂದ ಶುರು ಮಾಡಿದಳು. ನಡುಮನೆಯ ಮಂಚದ ಮೇಲೆ ಅಮ್ಮ ಕತ್ತಿನವರೆಗೆ ಬಿಳಿ ಹೊದಿಕೆ ಹೊದ್ದು ಮಲಗಿದ್ದಳು. ನಿನ್ನೆ ಸಂಜೆ ಆಸ್ಪತ್ರೆಯಲ್ಲಿ ಜೀವ ಹೋಗಿತ್ತು. ಬೆಳಿಗ್ಗೆ ಮನೆಗೆ ತಂದಿದ್ದರು.

"ಬಿಡು ಪುಟ್ಟಿ, ಅವಳ ಕೂದಲು ಚಿಕ್ಕಂದಿನಿಂದಲೂ ಹೇಳಿದ ಮಾತು ಕೇಳಿದ್ದಲ್ಲ," ಎಂದಳು ದೊಡ್ಡಮ್ಮ, ತೀರಿಕೊಂಡವಳ ಅಕ್ಕ. "ಊರವರ ತಲೆಯೆಲ್ಲ ಬಾಚಿದ್ಲು. ತನ್ನದನ್ನ ಯಾವತ್ತಾದ್ರೂ ನೆಟ್ಟಗೆ ಬಾಚ್ಕೊಂಡ್ಲಾ?"

ಮಗಳು ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದಳು. ಒಳಕೋಣೆಯ ಮುಚ್ಚಿದ ಬಾಗಿಲಿನ ಮೇಲೇ ಅವಳ ಕಣ್ಣು.

ಆ ಬಾಗಿಲಿನಾಚೆ ಅಪ್ಪ ಕುರ್ಚಿಯಲ್ಲಿ ಕೂತಿದ್ದ. ಪಾರ್ಶ್ವವಾಯು ಬಡಿದು ಬಲಗೈ ಬಿದ್ದು, ಮಾತೂ ಹೋಗಿ ಎಷ್ಟೋ ವರ್ಷವಾಗಿತ್ತು. ಉಳಿದದ್ದು ಒಂದು 'ಹೂಂ'. ಕಾಫಿ ಬೇಕೇ ಎಂದರೂ ಹೂಂ, ಬೇಡವೇ ಎಂದರೂ ಹೂಂ. ಹೆಂಡತಿ ಹೋದ ಸುದ್ದಿಯನ್ನು ಅವನಿಗೆ ಇನ್ನೂ ಯಾರೂ ಹೇಳಿರಲಿಲ್ಲ.

"ಗಾಡಿ ಬರೋ ಹೊತ್ತಾಯ್ತು," ದೊಡ್ಡಮ್ಮ ದನಿ ತಗ್ಗಿಸಿದಳು. "ಅವರನ್ನ ಹಿಂದಿನ ಬಾಗಿಲಿಂದ ಪಕ್ಕದ ಮನೆಗೆ ಕಳಿಸ್ಬಿಡೋಣ. ತೋರಿಸಿ ಏನು ಮಾಡ್ತೀಯ? ಗೊತ್ತಾಗದಿದ್ರೆ ನಿನಗೆ ಸಂಕಟ. ಗೊತ್ತಾದ್ರೆ ಅವರಿಗೆ ಹೇಳ್ಕೊಳ್ಳೋಕೂ ಬಾಯಿಲ್ಲ, ಪಾಪ."

"ಗೊತ್ತಾಗುತ್ತೆ ಅಂತ ಅಮ್ಮ ಹೇಳ್ತಿದ್ಲು."

"ಹೇಳ್ತಿದ್ಲು. ಆಮೇಲೆ ಅವಳ ಯಂತ್ರವೇ ಇಲ್ಲ ಅಂತು."

ಮಗಳು ಬೈತಲೆಯನ್ನು ಸೊಟ್ಟಗೇ ಬಿಟ್ಟಳು. ಬಾಚಣಿಗೆ ಪಕ್ಕಕ್ಕಿಟ್ಟಳು.

* * *

ನಿನ್ನ ಕೆಲಸ ಏನಮ್ಮ ಎಂದು ಮಗಳು ಸಣ್ಣವಳಿದ್ದಾಗ ಕೇಳಿದ್ದಳು. ಅಮ್ಮ ದೀಪ ಆರಿಸಿ, ಅವಳ ಬೆರಳನ್ನು ಟಾರ್ಚಿನ ಬಾಯಿಗೆ ಒತ್ತಿ ಹಿಡಿದಳು. ಬೆರಳು ಕೆಂಡದ ಹಾಗೆ ಕೆಂಪಗಾಯಿತು.

"ನೋಡಿದ್ಯಾ, ಬೆಳಕು ಚರ್ಮ ದಾಟಿ ಹೋಗುತ್ತೆ. ತಲೆ ಒಳಕ್ಕೂ ಒಂಚೂರು ಹೋಗುತ್ತೆ. ಮಾತು ಕೇಳಿದಾಗ ಮೆದುಳಿನ ಯಾವ ಮೂಲೆ ದುಡಿಯುತ್ತೋ ಅಲ್ಲಿಗೆ ರಕ್ತ ಹರಿದು ಬರುತ್ತೆ. ತಿರುಗಿ ಬರೋ ಬೆಳಕು ನನಗೆ ಬಂದು ಚಾಡಿ ಹೇಳುತ್ತೆ."

ಅವಳು ದುಡಿಯುತ್ತಿದ್ದ ಕೋಣೆಯಲ್ಲಿ ಪುಟ್ಟ ಪುಟ್ಟ ದೀಪ ಕೂರಿಸಿದ ಕಪ್ಪು ಟೋಪಿಗಳು ಗೂಟಕ್ಕೆ ತೂಗುತ್ತಿದ್ದವು. ಅಲ್ಲಿ ಅವಳ ಜನ್ಮವೈರಿ ಎಂದರೆ ಕೂದಲು. ಬೆಳಕಿನ ದಾರಿಗೆ ಅಡ್ಡ ನಿಲ್ಲುತ್ತಿತ್ತು. ಒಂದೊಂದು ದೀಪದ ಕೆಳಗೂ ಕೂದಲು ಬಿಡಿಸಿ, ತಲೆಯ ಚರ್ಮ ಬೆಳ್ಳಗೆ ಕಾಣುವಂತೆ ಮಾಡಬೇಕು. ಬಾಚಣಿಗೆ ಒರಟು, ಬೆರಳು ದಪ್ಪ. ಕೊನೆಗೆ ಅಕ್ಕನ ಬುಟ್ಟಿಯಿಂದ ಮರದ ಹೆಣಿಗೆ ಕಡ್ಡಿಯೊಂದನ್ನು ಎತ್ತಿಕೊಂಡು ಹೋದಳು.

"ಒಂದೇ ಒಂದು ಸಾಕು. ನಾಳೆ ಕೊಡ್ತೀನಿ," ಎಂದಿದ್ದಳು. ಅಕ್ಕನ ಸ್ವೆಟರ್ ಒಂದು ತೋಳಿಗೇ ನಿಂತಿತು.

ಕೂದಲು ಬಿಡಿಸಿ ಟೋಪಿ ಕೂತ ಮೇಲೆ ಅಮ್ಮನ ಶಿಷ್ಯ ಗೋಡೆಯ ಸ್ವಿಚ್ ಒತ್ತಿ ಕೋಣೆಯ ದೀಪ ಆರಿಸುವನು. ಹೊರಗಿನ ಬೆಳಕು ಒಳಗಿನ ಸುದ್ದಿಯೊಂದಿಗೆ ಬೆರೆಯಬಾರದು. ಆ ಶಿಷ್ಯನ ತಲೆ ಹರೆಯದಲ್ಲೇ ನುಣ್ಣಗಾಗಿತ್ತು. ಮಗಳ ಬಾಯಲ್ಲಿ ಅವನು ಬೋಳಣ್ಣನಾದ.

* * *

ಈಗ ಒಳಗೆ ಬಂದವನು ಅದೇ ಬೋಳಣ್ಣ. ಅವನ ಕೈಕೆಳಗೂ ಶಿಷ್ಯರು ಬಂದು ವರ್ಷಗಳಾಗಿದ್ದವು. ಮಂಚದ ಬಳಿ ತಲೆ ತಗ್ಗಿಸಿ ನಿಂತ. ಆಮೇಲೆ ಜೇಬಿನಿಂದ ಕಡ್ಡಿ ತೆಗೆದು ದೊಡ್ಡಮ್ಮನ ಮುಂದೆ ಹಿಡಿದ.

"ಆಸ್ಪತ್ರೆಗೆ ಸೇರೋ ಮುಂಚೆ ಮೇಡಂ ಹೇಳಿದ್ರು. ಮರೀದೆ ಅಕ್ಕನಿಗೆ ಕೊಡು, ಇಲ್ಲಾಂದ್ರೆ ನನ್ನ ಹೆಣದ ಮುಂದೆ ಕೂತ್ಕೊಂಡು ಕೇಳ್ತಾಳೆ ಅಂತ."

"ಕೇಳೋಳೇ ಇದ್ದೆ," ಎಂದಳು ದೊಡ್ಡಮ್ಮ. ಕಡ್ಡಿಯನ್ನು ಬೆಳಕಿಗೆ ಹಿಡಿದಳು. ಎಷ್ಟೋ ತಲೆಗಳ ಎಣ್ಣೆ ಕುಡಿದು ಅದು ಕರ್ರಗೆ ಮಿರುಗುತ್ತಿತ್ತು. "ಹೇಗೆ ಸವೆಸಿದ್ದಾಳೆ ನೋಡು." ಮುಂಗೈಯಿಂದ ಕಣ್ಣೊರೆಸಿಕೊಂಡು ಅವನ ನೆತ್ತಿ ನೋಡಿದಳು. "ನಿನಗಂತೂ ಇದರ ಗೊಡವೆ ಇರಲಿಲ್ಲ."

"ಅದಕ್ಕೇ ನನಗೆ ಕೆಲಸ ಸಿಕ್ಕಿದ್ದು ದೊಡ್ಡಮ್ಮ. ಅಂಕಪಟ್ಟಿ ಪಕ್ಕಕ್ಕಿಟ್ಟು ತಲೆ ನೋಡಿದ್ರು." ಅವನು ಸುತ್ತ ಕಣ್ಣಾಡಿಸಿದ. "ಸರ್ ಎಲ್ಲಿ?"

"ಒಳಗಿದ್ದಾರೆ. ಹೇಳಿಲ್ಲ," ಎಂದಳು ಮಗಳು. "ಬೋಳಣ್ಣ, ಅವತ್ತು ಅಪ್ಪನಿಗೆ ಟೋಪಿ ಹಾಕಿದಾಗ ಗೆರೆ ಎದ್ದಿತು ಅಂತ ಅಮ್ಮ ಕುಣಿದಾಡಿದ್ಲು. ಎರಡೇ ದಿನಕ್ಕೆ ಅದು ತಪ್ಪು ಅಂದ್ಲು. ಅವಳ ಮುಖ ನೋಡಿ ನಾನು ಮತ್ತೆ ಕೇಳೋಕೆ ಹೋಗ್ಲಿಲ್ಲ. ನೀವಾದ್ರೂ ಹೇಳಿ, ಅಪ್ಪನಿಗೆ ಮಾತು ತಿಳಿಯುತ್ತಾ?"

"ಆ ತಪ್ಪು ಹಿಡಿದವನು ನಾನೇ," ಎಂದ ಬೋಳಣ್ಣ.

* * *

ಅಪ್ಪ ಅಚ್ಚಿನ ಮನೆಯಲ್ಲಿ ಕರಡು ತಿದ್ದುತ್ತಿದ್ದವನು. ಆ ದಿನ ಸಿಕ್ಕ ತಪ್ಪುಗಳನ್ನು ಊಟಕ್ಕೆ ಕೂತಾಗ ಹೇಳಿ, ತಾನೇ ಮೊದಲು ನಗುತ್ತಿದ್ದ. ಮಾತು ಹೋದ ಮೇಲೆ ಅಮ್ಮ ಅವನನ್ನು ತನ್ನ ಕೋಣೆಗೆ ಕರೆದೊಯ್ದಳು. ಎಡಗಿವಿಯ ಮೇಲೆ, ಮಾತು ಮನೆಮಾಡಿರುವ ಕಡೆ, ಕೂದಲು ಬಿಡಿಸಿ ಟೋಪಿ ತೊಡಿಸಿದಳು.

"ಅಲ್ಲಾಡ್ಬೇಡಿ ರೀ. ಅಲ್ಲಾಡಿದ್ರೆ ಎಲ್ಲ ಹಾಳು."

"ಹೂಂ."

ದೀಪ ಆರಿತು. ಅವಳು ಒಂದೊಂದೇ ವಾಕ್ಯ ಓದಿದಳು. ಕೆಲವು ಸರಿಯಾದವು, ಕೆಲವು ಬೇಕೆಂದೇ ಕೆಡಿಸಿದವು. ಚಹಾ ಬಿಸಿಯಾಗಿದೆ. ಕೊಡೆ ಒದ್ದೆಯಾಗಿದೆ. ಮೇಜು ನೆಂಟರಿಗೆಲ್ಲ ಸ್ನಾನ ಮಾಡಿಸಿತು. ಕೆಟ್ಟ ವಾಕ್ಯ ಬಂದಾಗಲೆಲ್ಲ ಪರದೆಯ ಮೇಲೆ ಗೆರೆ ಎದ್ದು ನಿಂತಿತು. ಸರಿಯಾದದ್ದಕ್ಕೆ ಮಲಗಿಕೊಂಡಿತು.

ಶಿಷ್ಯ ಆ ಗೆರೆಗಳನ್ನು ಹಿಗ್ಗಿಸಿ ನೋಡಿದ. ಮೆದುಳಿಗೆ ರಕ್ತ ನಿಧಾನವಾಗಿ ಬರುತ್ತದೆ. ಇವು ಥಟ್ಟನೆ ಎದ್ದಿದ್ದವು.

"ಮೇಡಂ, ಇದು ಮೆದುಳಲ್ಲ. ಸರ್ ಹಲ್ಲು ಕಚ್ಚಿದ್ದಾರೆ. ಕಿವಿ ಮೇಲಿನ ಸ್ನಾಯು ಉಬ್ಬಿ ದೀಪ ಜರುಗಿದೆ."

ಅಮ್ಮ ಆ ದಿನದ ಗೆರೆಗಳನ್ನೆಲ್ಲ ಹೊಡೆದು ಹಾಕಿದಳು.

* * *

"ನಿಮಗೆ ಅಷ್ಟೇ ಹೇಳಿದ್ದಾರೆ ಅನ್ಸುತ್ತೆ," ಎಂದ ಬೋಳಣ್ಣ. "ಆಮೇಲೊಂದಿನ ಚಹಾ ಕುಡೀತಾ ಕುಡೀತಾ ಲೋಟ ಕೆಳಗಿಟ್ರು. 'ಲೋ, ಸರಿ ಮಾತಿಗೆ ಯಾಕೆ ಹಲ್ಲು ಕಚ್ಚಲಿಲ್ಲ ಅವರು?' ಅಂದ್ರು. ನಾನು ಪಿಳಿಪಿಳಿ ನೋಡಿದೆ. 'ನಗು ಕಣೋ. ಅಲ್ಲಾಡ್ಬೇಡಿ ಅಂದಿದ್ನಲ್ಲ, ನಗು ತಡ್ಕೊಂಡು ಕೂತಿದ್ರು.'"

"ಮತ್ತೆ ಅದನ್ನ ಯಾಕೆ ಎಲ್ಲೂ ಬರೀಲಿಲ್ಲ?"

"ನುಂಗಿಕೊಂಡ ನಗುವನ್ನ ಯಾರು ಒಪ್ತಾರೆ? 'ಊರಿಗೆ ಹೇಳೋಕೆ ಇದು ಸಾಲದು, ನನಗೆ ಧಾರಾಳ' ಅಂದ್ರು. ಅವತ್ತಿಂದ ದಿನಾ ಮನೆಗೆ ಹೊರಡೋ ಮುಂಚೆ ಒಂದು ಅಡ್ಡಾದಿಡ್ಡಿ ವಾಕ್ಯ ಕಟ್ಕೊಂಡೇ ಹೊರಡ್ತಿದ್ರು."

ಪ್ರತಿ ಸಂಜೆ ಅಮ್ಮ ಅಪ್ಪನ ಪಕ್ಕ ಕೂತು ಕಿವಿಯಲ್ಲಿ ಏನೋ ಉಸುರಿ, ಅವನ ತಲೆಯ ಮಗ್ಗುಲನ್ನೇ ನೋಡುತ್ತಿದ್ದದ್ದು ಮಗಳ ಕಣ್ಣ ಮುಂದೆ ಬಂತು. ಮಾತ್ರೆಯ ವಿಚಾರವೆಂದು ಅವಳು ಅಂದುಕೊಂಡಿದ್ದಳು.

ಅವಳು ಎದ್ದಳು. ದೊಡ್ಡಮ್ಮ ತಡೆಯಲಿಲ್ಲ.

ಒಳಕೋಣೆಯಲ್ಲಿ ಅಪ್ಪನ ಕುರ್ಚಿಯ ಪಕ್ಕ ಮೊಣಕಾಲೂರಿ ಕೂತಳು. "ಅಪ್ಪ, ಅಮ್ಮ ತೀರ್ಕೊಂಡ್ಲು. ನಿನ್ನೆ ಸಂಜೆ."

"ಹೂಂ."

ಅದೇ ಹೂಂ. ಮಗಳು ಏಳಲಿಲ್ಲ. ಅಮ್ಮನ ಹಾಗೆ ಅವನ ಕಿವಿಯ ಮೇಲ್ಗಡೆ ನೋಡುತ್ತ ಕಾದಳು. ಬಿಳಿಗೂದಲಿನ ಕೆಳಗೆ ಸ್ನಾಯು ಗಂಟು ಕಟ್ಟಿಕೊಂಡಿತು. ಸಡಿಲಲಿಲ್ಲ.

ಅವಳ ಭುಜ ಹಿಡಿದು ಅಪ್ಪ ನಡುಮನೆಗೆ ಬಂದ. ಮಂಚದ ಮೇಲಿನ ಮುಖ ನೋಡಿದ. ಸೊಟ್ಟ ಬೈತಲೆ ನೋಡಿದ. ಆಮೇಲೆ ದೊಡ್ಡಮ್ಮನ ಕಡೆ ತಿರುಗಿ ಎಡಗೈ ಚಾಚಿದ. ದೊಡ್ಡಮ್ಮನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಕಡ್ಡಿಯನ್ನು ಅವನ ಬೆರಳುಗಳ ನಡುವೆ ಇಟ್ಟಳು.

"ನಾಳೆ ಕೊಡಿ," ಎಂದಳು.

ಅಪ್ಪ ಬಾಗಿದ. ಹೆಂಡತಿಯ ಎಡಗಿವಿಯ ಮೇಲೆ ಕಡ್ಡಿಯ ತುದಿ ಊರಿ, ಕೂದಲನ್ನು ಎಳೆ ಎಳೆಯಾಗಿ ಸರಿಸಿದ. ಚರ್ಮ ಬೆಳ್ಳಗೆ ಕಂಡಿತು. ದೀಪ ಕೂರುವ ತನಕ ಕೂದಲು ಮರಳಿ ಬೀಳಬಾರದೆಂದು ಅವಳು ಹಿಡಿಯುತ್ತಿದ್ದ ಹಾಗೆಯೇ, ಹೆಬ್ಬೆರಳಿನಿಂದ ಅದುಮಿ ಹಿಡಿದು ನಿಂತ.

ಹೊರಗೆ ಗಾಡಿ ಬಂದು ಹಾರ್ನ್ ಹಾಕಿತು. ಯಾರೂ ಬಾಗಿಲ ಕಡೆ ಹೋಗಲಿಲ್ಲ. ಬೋಳಣ್ಣ ಗೋಡೆಯ ಹತ್ತಿರ ಸರಿದು, ಸ್ವಿಚ್ ಒತ್ತಿ ನಡುಮನೆಯ ದೀಪ ಆರಿಸಿದ.