ಬೆಚ್ಚಗಿನ ಗೋಡೆ

ದೀಪ ಮತ್ತೆ ಮಂಕಾಯಿತು, ಬಲ್ಬಿನ ಎಳೆ ಕೆಂಪಗಾಗಿ, ಇನ್ನೇನು ಆರಿಯೇ ಹೋಯಿತು ಅನ್ನುವಾಗ ಚಕ್ಕನೆ ಹೊತ್ತಿಕೊಂಡಿತು, ಒಳಕೋಣೆಯಲ್ಲಿ ಗಿರಿಜಾಂಬಾ ಇಸ್ತ್ರಿಪೆಟ್ಟಿಗೆ ಹಾಕಿರಬೇಕು, ಅದಕ್ಕೇ, ಬೇರೇನಲ್ಲ, ಬೇರೇನೂ ಇರಲಾರದು ಎಂದುಕೊಳ್ಳುತ್ತ ಚೆಲುವರಾಜು ಏಣಿಯಿಂದ ಇಳಿದ — ಹೋಲ್ಡರ್ ಬದಲಾಯಿಸಿದ್ದಾಯಿತು, ಸ್ವಿಚ್ ಬದಲಾಯಿಸಿದ್ದಾಯಿತು, ಫ್ಯೂಸಿಗೆ ಹೊಸ ತಂತಿ ಸುತ್ತಿದ್ದಾಯಿತು, ಇನ್ನು ಉಳಿದದ್ದು ಗೋಡೆ. ಬಾಗಿಲ ಪಕ್ಕದ ಗೋಡೆಯನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದ, ಗಟ್ಟಿ, ಕಿಟಕಿಯ ಕೆಳಗೆ ತಟ್ಟಿದ, ಅಲ್ಲೂ ಗಟ್ಟಿ, ದಿವಾನದ ಹಿಂದಿನ ಗೋಡೆಯ ಕಡೆಗೆ ಮಾತ್ರ ತಿರುಗಲಿಲ್ಲ, ಒಂದು ಗೋಡೆಯನ್ನು ನೋಡದೆ ಇರುವುದಕ್ಕೂ ಕತ್ತು ನೋಯುತ್ತದೆಯೇ, ರಾಮಕೃಷ್ಣನಗರದಲ್ಲಿ ಆಗ ಇಷ್ಟು ಮನೆಗಳೆಲ್ಲಿದ್ದವು, ತೊಂಬತ್ತೈದನೇ ಇಸವಿ, ಬೆಳಗಾದರೆ ಗೃಹಪ್ರವೇಶ, ಗಿರಿಜಾಂಬಾ ಅವರ ಯಜಮಾನರು ವೆಂಕಟಸುಬ್ಬಯ್ಯನವರು ನಡುಮನೆಯಲ್ಲಿ ನಿಂತು, ಇಲ್ಲಿ ದಿವಾನ ಬರತ್ತೆ ಕಣಯ್ಯ, ಇಲ್ಲಿರೋ ಸ್ವಿಚ್ ಬೋರ್ಡನ್ನ ಕಿತ್ತು ಬಾಗಿಲ ಹತ್ರ ಹಾಕು, ಗೋಡೇಲಿ ಮುಚ್ಚಳ ಗಿಚ್ಚಳ ಏನೂ ಕಾಣಕೂಡದು. ವೈರು ಬಾಗಿಲವರೆಗೆ ಎಟುಕಲಿಲ್ಲ, ಹೊಸದಾಗಿ ಎಳೆಯಲು ಇಡೀ ದಿನ ಬೇಕು, ಮಾವಿನೆಲೆ ತೋರಣ ಕಟ್ಟುವವರು ಆಗಲೇ ಬಂದಿದ್ದರು, ಹಳೆಯ ಬೋರ್ಡಿನ ಪೆಟ್ಟಿಗೆಯೊಳಗೇ ವೈರಿಗೆ ವೈರು ಹೊಸೆದು, ಟೇಪು ಸುತ್ತಿ, ಮೇಲೆ ಸಿಮೆಂಟು ಮೆತ್ತಿ, ಒದ್ದೆ ಅಂಗೈಯಲ್ಲಿ ಸವರಿ ಸವರಿ ನುಣುಪು ಮಾಡಿದ, ಎಷ್ಟು ಚೆನ್ನಾಗಿ ಮಾಡಿದ್ದನೆಂದರೆ ವೆಂಕಟಸುಬ್ಬಯ್ಯನವರು ಭೇಷ್ ಅಂದಿದ್ದರು. ಕೆಲಸ ಕಲಿಸಿದ ಕರಿಬಸವಯ್ಯ ಹಾಗನ್ನುತ್ತಿರಲಿಲ್ಲ, ಗಂಟು ಹಾಕು, ಬ್ಯಾಡ ಅನ್ನಲ್ಲ, ಕೈಗೆ ಸಿಗೋ ಅಂಗೆ ಮಡಗು, ಗೋಡೆ ಒಳಗೆ ಹೂತ್ಬುಟ್ರೆ ಅದು ಸಾಯಲ್ಲ ಕಣ್ಲಾ — ಮೊದಮೊದಲು ಈ ಬೀದಿಯಲ್ಲಿ ಸೈಕಲ್ ತುಳಿಯುವಾಗೆಲ್ಲ ಈ ಮನೆಯ ಕಿಟಕಿ ನೋಡುತ್ತಿದ್ದ, ದೀಪ ಉರಿಯುತ್ತಿದೆ, ಸರಿ, ಆಮೇಲೆ ನೋಡುವುದನ್ನೂ ಬಿಟ್ಟ, ಒಂಬತ್ತು ವರ್ಷ.

ಸಿಕ್ತೇನಪ್ಪ, ಗಿರಿಜಾಂಬಾ ಕಾಫಿ ಲೋಟ ಹಿಡಿದು ಬಂದರು, ಹುಡುಕ್ತಾ ಇದೀನಮ್ಮ, ಹುಡುಕು ಹುಡುಕು, ನಮ್ಮನೆಯವರು ಹೇಳ್ತಿದ್ರು, ಚೆಲುವರಾಜು ಕೈಯಾಡಿಸಿದ ಮನೆ ಕಣೇ, ಐವತ್ತು ವರ್ಷ ತಿರುಗಿ ನೋಡೋ ಹಾಗಿಲ್ಲ ಅಂತ, ಅದಕ್ಕೇ ಬೇರೆ ಯಾರನ್ನೂ ಕರೀಲಿಲ್ಲ. ಕಾಫಿ ನಾಲಿಗೆ ಸುಟ್ಟಿತು. ವೆಂಕಟಸುಬ್ಬಯ್ಯನವರು ತೀರಿಕೊಂಡು ಮೂರು ವರ್ಷ, ಇನ್ನು ಆ ಪೆಟ್ಟಿಗೆ ಗೊತ್ತಿರುವುದು ತನಗೊಬ್ಬನಿಗೇ, ಬೀದಿಯ ಕಂಬದಲ್ಲೇ ದೋಷ ಅಮ್ಮ ಎಂದುಬಿಟ್ಟರೆ, ಮನೆಯಲ್ಲಿ ಯಾರೂ ಇಲ್ಲದ ದಿನ ಬಂದು ತೆಗೆದರೆ, ಅಷ್ಟರಲ್ಲಿ ಗೇಟು ದಡಾರನೆ ತೆರೆಯಿತು, ಮೊಮ್ಮಗಳು ಲಹರಿ, ಮೂರನೇ ಕ್ಲಾಸು, ಬ್ಯಾಗನ್ನು ನೆಲಕ್ಕೆಸೆದು ದಿವಾನ ಹತ್ತಿ ತಲೆಯನ್ನು ಗೋಡೆಗೆ ಆನಿಸಿಯೇಬಿಟ್ಟಳು. ಅಲ್ಲಿ ಕೂರ್ಬೇಡ ಮಗಾ, ಅವನ ದನಿ ಅವನಿಗೇ ದೊಡ್ಡದಾಗಿ ಕೇಳಿತು. ಯಾಕೆ, ಇದು ನನ್ನ ಜಾಗ, ಇಲ್ಲಿ ಬೆಚ್ಚಗಿರತ್ತೆ. ಹೂಂ ಕಣಪ್ಪ, ಗಿರಿಜಾಂಬಾ ನಕ್ಕರು, ಚಳಿ ಬಂತೂಂದ್ರೆ ಅಲ್ಲಿಂದ ಏಳೋದೇ ಇಲ್ಲ, ನೋಡು, ಎಣ್ಣೆ ತಲೆ ಇಟ್ಟೂ ಇಟ್ಟೂ ಗೋಡೆ ಹೇಗಾಗಿದೆ.

ನೋಡಿದ. ತಿಳಿ ಹಳದಿ ಬಣ್ಣದ ಮೇಲೆ ಒಂದು ಎಣ್ಣೆಗಲೆ, ಗುಂಡಗೆ, ಮಗುವಿನ ತಲೆಯಷ್ಟು, ಸರಿಯಾಗಿ ತಾನು ಅಂಗೈಯಲ್ಲಿ ಸವರಿದ ಜಾಗದಲ್ಲಿ. ಓಡಿಹೋಗಿ ಮೇನ್ ಸ್ವಿಚ್ ಇಳಿಸಿದ, ಮಗುವನ್ನು ಎತ್ತಿ ಅಜ್ಜಿಯ ಪಕ್ಕ ನಿಲ್ಲಿಸಿದ, ಗೋಡೆ ಮುಟ್ಟಿದರೆ ಬಿಸಿ, ಉಳಿ ಹಚ್ಚಿ ಸುತ್ತಿಗೆಯಿಂದ ನಾಲ್ಕೇ ಏಟು, ಗಾರೆ ಚಕ್ಕೆ ಚಕ್ಕೆಯಾಗಿ ಹಾಸಿದ ಪೇಪರಿನ ಮೇಲೆ ಬಿತ್ತು, ಸುಟ್ಟ ರಬ್ಬರಿನ ವಾಸನೆ, ಟೇಪು ಬೂದಿ, ತಂತಿ ಕಪ್ಪು, ಹಿಂದಿನ ಇಟ್ಟಿಗೆಯೂ ಕಪ್ಪು. ರಾಮ ರಾಮಾ, ಇದನ್ನ ಯಾರಪ್ಪ ಹೀಗೆ ಮುಚ್ಚಿದ್ದು. ಗಾರೆಯವನು ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು, ಯಾವ ಗಾರೆಯವನು, ಯಾರು ಕೇಳುತ್ತಾರೆ, ಮಗು ಕತ್ತು ಉದ್ದ ಮಾಡಿ ತೂತಿನೊಳಗೆ ನೋಡುತ್ತಿತ್ತು. ನಾನೇ ಅಮ್ಮ. ಗಿರಿಜಾಂಬಾ ಮಗುವಿನ ತಲೆಯ ಹಿಂಭಾಗವನ್ನು ಸವರಿ ನೋಡಿದರು, ಎರಡು ಸಲ, ಮೂರು ಸಲ, ಮತ್ತೆ ಮೆಲ್ಲಗೆ, ಅಲ್ಲ ಚೆಲುವರಾಜು, ಅರ್ಧ ಗಂಟೆಯಿಂದ ಆ ಕಡೆ ಗೋಡೆ ತಟ್ತಾ ಇದ್ಯಲ್ಲ, ಗೊತ್ತಿದ್ದೂನಾ? ಅವನು ಹೌದೆಂದು ತಲೆ ಆಡಿಸಿದ. ಬಯ್ದರೆ ಆಗಿತ್ತು, ಬಯ್ಯಲಿಲ್ಲ, ಮುಚ್ಚಳ ಕಾಣೋ ಹಾಗೆ ಮಾಡು ಎಂದಷ್ಟೇ ಹೇಳಿ ಮಗುವಿನ ಕೈ ಹಿಡಿದು ಒಳಗೆ ಹೋದರು. ಸರಿ, ಕರಕಲು ಕತ್ತರಿಸಬೇಕು, ಹೊಸ ವೈರು ಎಳೆಯಬೇಕು, ಬಿಳಿ ಮುಚ್ಚಳ, ಎರಡು ಸ್ಕ್ರೂ, ಮೊದಲು ಈ ಗಾರೆಯ ಚೂರುಗಳನ್ನು ಗುಡಿಸಬೇಕು ಎಂದು ಬಗ್ಗಿದ, ಪೇಪರಿನ ಮೇಲೆ ಅಂಗೈಯಗಲದ ಒಂದು ಚೂರು, ಅದರ ಮೇಲೆ ಎಣ್ಣೆಗಲೆ, ಎಣ್ಣೆಗೆ ಅಂಟಿಕೊಂಡ ಒಂದು ಕೂದಲು, ಚೂರನ್ನು ಮಗುಚಿ ಹಾಕಿದ, ಹಿಂಬದಿ ಪೂರಾ ಕಪ್ಪು, ಮತ್ತೆ ತಿರುಗಿಸಿದ, ಎಣ್ಣೆ, ಕೂದಲು, ಒಂದು ಬೆರಳಿನ ದಪ್ಪವೂ ಇಲ್ಲ, ಈ ಕಡೆ ಕಪ್ಪು, ಈ ಕಡೆ ಕೂದಲು, ಒಂದೇ ಒಂದು, ಉದ್ದನೆಯ, ಕೂದಲು.