ಹೂಂಗುಟ್ಟಿದ ಬೀದಿ

ಅಕ್ಕನೂ ನಾನೂ ಸೇರಿ ಪಾತ್ರೆ ತೊಳೆಯುವ ಸೋಪಿನ ನೀರು ತಯಾರಿಸುತ್ತೇವೆ. ಅದಕ್ಕೆ ಬಣ್ಣವಿಲ್ಲ, ಪರಿಮಳವಿಲ್ಲ. ಗಾಜಿನ ಬಾಟಲಿ ಖಾಲಿಯಾದರೆ ತಂದುಕೊಟ್ಟು ಮತ್ತೆ ತುಂಬಿಸಿಕೊಳ್ಳಬಹುದು. ಊರಿಗೆಲ್ಲ ಹಂಚಿದೆವು. ಬಾಟಲಿಗಳು ಹೋದವು, ಹೆಚ್ಚಿನವು ಹೋದಲ್ಲೇ ಮಾಯವಾದವು.

ಅಷ್ಟರಲ್ಲಿ ದೊಡ್ಡ ಅಂಗಡಿಯ ಮಾಲೀಕರು ಹೇಳಿಕಳಿಸಿದರು: ನಿಂಬೆಯ ಪರಿಮಳ ಬೆರೆಸಿದರೆ ತಮ್ಮ ಎಲ್ಲ ಅಂಗಡಿಗಳಲ್ಲೂ ಇಡುತ್ತಾರಂತೆ, ಸಂಜೆಯೊಳಗೆ ಉತ್ತರ ಬೇಕಂತೆ. ನಮ್ಮಲ್ಲಿ ಉಳಿದದ್ದು ಒಂದೇ ಪೀಪಾಯಿ. ಒಮ್ಮೆ ಬೆರೆಸಿದರೆ ಮುಗಿಯಿತು, ಪರಿಮಳವಿಲ್ಲದ್ದು ಮತ್ತೆ ಉಳಿಯದು.

"ಬೆರೆಸಿಬಿಡೋಣ ಕಣೇ. ಬಾಗಿಲು ಹಾಕೋದಕ್ಕಿಂತ ವಾಸಿ."

"ಸ್ವಲ್ಪ ಇರಕ್ಕಾ. ವಾಪಸ್ ಬಂದ ಬಾಟಲಿಯೆಲ್ಲಾ ಒಂದೇ ಬೀದಿದು. ಯಾಕಿರಬಹುದು?"

"ಶುರುವಾಯ್ತು ನೋಡು ಅಜ್ಜಿ ಕತೆ!"

ಅಕ್ಕ ಅಂದದ್ದು ಸುಳ್ಳೇನಲ್ಲ. ಅಜ್ಜಿ ಕತೆ ಹೇಳುವಾಗ ನಾವು ಹೂಂಗುಟ್ಟುತ್ತಿರಬೇಕಿತ್ತು. ಹೂಂ ನಿಂತರೆ ರಾಜಕುಮಾರಿ ಮೆಟ್ಟಿಲ ನಡುವೆಯೇ ಕಾಲೆತ್ತಿ ನಿಂತುಬಿಡುತ್ತಿದ್ದಳು. ಮಿಕ್ಕವರೆಲ್ಲ ನಿದ್ದೆಹೋದರೆ, ಎಚ್ಚರವಿದ್ದ ಮೊಮ್ಮಗುವಿನ ಕಡೆ ತಿರುಗಿ ಅಜ್ಜಿ ಕತೆ ಮುಂದುವರಿಸುತ್ತಿದ್ದಳು. ಇಡೀ ಊರಿನಲ್ಲಿ ಬಾಟಲಿ ವಾಪಸ್ ತಂದು ನಮಗೆ ಹೂಂ ಅಂದದ್ದು ಆ ಬೀದಿ ಮಾತ್ರ.

ಹೋಗಿ ನೋಡಿದರೆ ಸಾಲಾಗಿ ಹೊಲಿಗೆ ಅಂಗಡಿಗಳು. ದಪ್ಪ ಕನ್ನಡಕದ ದರ್ಜಿಯಮ್ಮ ಎಳೆಗೂಸಿನ ಅಂಗಿಯೊಂದನ್ನು ನಮ್ಮ ಸೋಪಿನಲ್ಲಿ ಅದ್ದಿ ಹಿಂಡುತ್ತಿದ್ದರು.

"ಅಮ್ಮಾ, ಅದು ಪಾತ್ರೆಗೆ!"

"ಹೌದಾ? ಬಾಟಲಿ ಮೇಲೆ ಬರೆದಿದ್ದೆಲ್ಲ ಯಾರಮ್ಮ ಓದ್ತಾರೆ! ಮಿಷನ್ ಎಣ್ಣೆ ಕಲೆ ಹೋಗತ್ತೆ, ವಾಸನೆ ಉಳಿಯಲ್ಲ. ಘಮ್ ಅಂದ್ರೆ ಮಕ್ಕಳ ತಾಯಂದಿರು ಮೂಗು ಮುರೀತಾರೆ. ಈಗ ಅವರೇ ಕೇಳ್ತಾರೆ, ಏನ್ ಹಾಕಿ ಒಗೀತೀರಿ ಅಂತ."

"ಏನಂದ್ರಿ?"

"ಗುಟ್ಟು ಅಂದೆ!"

"ಆ ಗುಟ್ಟನ್ನ ನೀವೇ ಮಾರಿದ್ರೆ? ಪೀಪಾಯಿ ನಿಮ್ಮಂಗಡೀಲೇ ಇಡ್ತೀವಿ. ತುಂಬಿಸಿಕೊಟ್ಟಷ್ಟಕ್ಕೂ ನಿಮಗೆ ಪಾಲು."

ದರ್ಜಿಯಮ್ಮ ಅಂಗಿ ಕೊಡವಿ, ಮಿಷನ್ನಿನ ಪಕ್ಕದ ಮೂಲೆಯನ್ನು ಗೇಣಿನಿಂದ ಅಳೆಯತೊಡಗಿದರು.

ಒಂದೇ ಉಸಿರಿಗೆ ಓಡಿಬಂದೆ. ಅಕ್ಕ ಆಗಲೇ ಪೀಪಾಯಿಯ ಮುಚ್ಚಳ ತೆಗೆದು ಪರಿಮಳದ ಸೀಸೆ ಹಿಡಿದಿದ್ದಳು.

"ಬೇಡಕ್ಕಾ! ಮೊದಲು ದರ್ಜಿಗಳು, ಅವರಿಂದ ತಾಯಂದಿರು. ದೊಡ್ಡ ಅಂಗಡಿ ಆಮೇಲೆ."

ಎಲ್ಲ ಕೇಳಿಸಿಕೊಂಡು ಅಕ್ಕ ಸೀಸೆಗೆ ಬಿರಡೆ ಹಾಕಿದಳು. ಮಾಲೀಕರಿಗೆ ಫೋನ್ ಮಾಡಿ, "ಈಗ ಬೇಡ ಸಾರ್," ಅಂದಳು. ಆಮೇಲೆ ಪೀಪಾಯಿಗೆ ಒರಗಿ ಕೂತು ನನ್ನತ್ತ ನೋಡಿದಳು.

"ತಾಯಂದಿರಾದ ಮೇಲೆ ಯಾರ ಹತ್ರ ಹೋಗೋದೇ?"

"ಗೊತ್ತಿಲ್ಲ. ನೀನು ಹೂಂ ಅಂತಿರು, ಹುಡುಕೋಣ."

"ಹೂಂ," ಅಂದಳು ಅಕ್ಕ.